ಹಾಯಿದೋಣಿಗೆ ಆಟೋಪೈಲಟ್: ಎಂಟು ತಿಂಗಳು ಹಿಡಿದ ಕೆಲಸ

ಹೋದ ವಾರ ಹೊನ್ನಾವರದಿಂದ ಕಾರವಾರಕ್ಕೆ ರಾತ್ರಿ ಪ್ರಯಾಣ ಮಾಡಿ ನಮ್ಮೂರು ಸಾಗರಕ್ಕೆ ವಾಪಸ್ ಬಂದೆವು. ಸುಮಾರು 35 ನಾಟಿಕಲ್ ಮೈಲಿ. ಅಷ್ಟು ದೂರದಲ್ಲಿ ನಾವು ಚುಕ್ಕಾಣಿ ಕೈಯಲ್ಲಿ ಹಿಡಿದದ್ದು ಒಂದು ಗಂಟೆಯೂ ಇರಲಿಕ್ಕಿಲ್ಲ. ಉಳಿದದ್ದನ್ನೆಲ್ಲ ಆಟೋಪೈಲಟ್, ಅಂದರೆ ದೋಣಿಯನ್ನು ಹೇಳಿದ ದಿಕ್ಕಿಗೆ ತಾನಾಗಿ ನಡೆಸುವ ಯಂತ್ರ, ನೋಡಿಕೊಂಡಿತು. ಅದನ್ನು ಆರಿಸಿ, ತರಿಸಿ, ಕೂರಿಸುವುದಕ್ಕೆ ಮಾರ್ಚ್‌ನಿಂದ ನವೆಂಬರ್ ತನಕ ಎಂಟು ತಿಂಗಳು ಹೋಯಿತು. ಕನ್ನಡದಲ್ಲಿ ಇದರ ಬಗ್ಗೆ ಹೇಳುವವರು ಯಾರೂ ನನಗೆ ಸಿಗಲಿಲ್ಲ. ಮುಂದೆ ಈ ಕೆಲಸಕ್ಕೆ ಕೈ ಹಾಕುವವರು ನಾವು ಎಡವಿದಲ್ಲೇ ಎಡವಬಾರದು ಎಂದು ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಸಮುದ್ರದ ದೋಣಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹಡಗಿನ ಎಂಜಿನ್ ರೂಮಿನಲ್ಲಿ ಇಡೀ ಆಯುಷ್ಯ ದುಡಿದವರು. ರಿಟೈರ್ ಆಗಿ ತೋಟ ನೋಡಿಕೊಳ್ಳಲು ಊರಿಗೆ ಬಂದರೂ ನೀರಿನ ಮೇಲಿನ ಆಸೆ ಹೋಗಲಿಲ್ಲ. ಮೂರು ವರ್ಷದ ಹಿಂದೆ ಗೋವಾದಲ್ಲಿ 32 ಅಡಿಯ ಹಳೆಯ ಹಾಯಿದೋಣಿ ಮಾರಾಟಕ್ಕಿತ್ತು. ಅವರೂ ನಾನೂ ಅರ್ಧರ್ಧ ದುಡ್ಡು ಹಾಕಿ ಕೊಂಡೆವು. ‘ವರದಾ’ ಎಂದು ಹೆಸರಿಟ್ಟೆವು, ನಮ್ಮೂರ ಹೊಳೆಯ ಹೆಸರು. ಈಗ ಅದು ಇರುವುದು ಶರಾವತಿ ಸಮುದ್ರ ಸೇರುವ ಹೊನ್ನಾವರದಲ್ಲಿ. ಸಾಗರದಿಂದ ಜೋಗದ ಮೇಲೆ ಘಟ್ಟ ಇಳಿದರೆ ಅರ್ಧ ದಿನದೊಳಗೆ ದೋಣಿಯಲ್ಲಿರುತ್ತೇವೆ.

ಮಾರ್ಚ್‌ನಲ್ಲಿ ಇಬ್ಬರೇ ಹೊನ್ನಾವರದಿಂದ ಗೋವಾಕ್ಕೆ ಹೊರಟೆವು. ಬೇಸಿಗೆಯಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ವಾಯವ್ಯದಿಂದ ಬೀಸುತ್ತದೆ. ಉತ್ತರಕ್ಕೆ ಹೋಗುವವರಿಗೆ ಅದು ಮುಖಕ್ಕೇ ಹೊಡೆಯುವ ಗಾಳಿ. ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸುತ್ತ ಹೋಗಿ ತಲುಪುವಷ್ಟರಲ್ಲಿ 26 ಗಂಟೆ ಆಗಿತ್ತು. ಅಷ್ಟೂ ಹೊತ್ತು ಇಬ್ಬರಲ್ಲಿ ಒಬ್ಬರ ಕೈ ಟಿಲ್ಲರ್ ಮೇಲೆ. ಟಿಲ್ಲರ್ ಅಂದರೆ ಚುಕ್ಕಾಣಿಯ ಉದ್ದ ಹಿಡಿಕೆ. ಗಾಳಿ ಜೋರಾದಾಗ ನಮ್ಮ ದೋಣಿ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಲು ನೋಡುತ್ತದೆ. ಅದನ್ನು ತಡೆದು ಹಿಡಿದೇ ಇರಬೇಕು. ಬೆಳಗ್ಗೆ ಗೋವಾದ ಕಾಬೊ ದ ರಾಮ ಭೂಶಿರ ಕಾಣುವ ಹೊತ್ತಿಗೆ ಭಾವನಿಗೆ ಚಹಾದ ಲೋಟವನ್ನು ಬಲಗೈಯಲ್ಲಿ ಬಾಯಿಗೆ ತರಲು ಆಗಲಿಲ್ಲ. ಎಡಗೈಯಲ್ಲಿ ಹಿಡಿದುಕೊಂಡರು. ಏನೂ ಮಾತಾಡಲಿಲ್ಲ. ನನಗೆ ಭಯವಾಯಿತು. ಅವರಿಗೆ 61.

ಶಿವಮೊಗ್ಗದ ಡಾಕ್ಟರು ಭುಜದ ಸ್ನಾಯುರಜ್ಜು ಊದಿದೆ ಎಂದು ಮೂರು ವಾರ ಕೈ ಎತ್ತಬಾರದು ಅಂದರು. ಅಕ್ಕ ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ ಹೇಳಿದಳು: “ಇನ್ನು ಇಬ್ರೇ ಹೋಗೋ ಹಾಗಿಲ್ಲ. ಹೋಗ್ಲೇಬೇಕು ಅಂದ್ರೆ ಮೂರನೇ ಕೈ ಒಂದನ್ನ ಹುಡುಕಿ.” ಆ ಮಾತಿನಿಂದಲೇ ಈ ಕೆಲಸ ಶುರುವಾಯಿತು.

ನಾನು ಮೊದಲು ನೋಡಿದ್ದು ದೋಣಿಯ ಉದ್ದವನ್ನು. 32 ಅಡಿಗೆ ಯಾವುದು ಹಾಕುತ್ತಾರೆ ಎಂದು ಹುಡುಕಿದರೆ ಟಿಲ್ಲರ್ ಪೈಲಟ್‌ಗಳು ಸಿಗುತ್ತವೆ. ನೋಡಲು ಸೈಕಲ್ ಪಂಪಿನ ಹಾಗಿರುವ ಯಂತ್ರ. ಒಂದು ತುದಿಯನ್ನು ದೋಣಿಯ ಬದಿಗೂ ಇನ್ನೊಂದು ತುದಿಯನ್ನು ಟಿಲ್ಲರಿಗೂ ಸಿಕ್ಕಿಸಿದರೆ ಒಳಗಿನ ದಿಕ್ಸೂಚಿ ನೋಡಿಕೊಂಡು ಕೋಲನ್ನು ಹೊರಗೆ ಒಳಗೆ ಮಾಡುತ್ತದೆ. ಬೆಲೆ ಕಡಿಮೆ, ಕೂರಿಸುವುದು ಸುಲಭ. ಆರ್ಡರ್ ಮಾಡಿಯೇ ಬಿಡುತ್ತಿದ್ದೆ. ಭಾವ ತಡೆದರು. “ಉದ್ದ ನೋಡ್ಬೇಡ ಮಾರಾಯ, ತೂಕ ನೋಡು” ಅಂದರು.

ಅವರ ಮಾತು ಸರಿ. ಆಟೋಪೈಲಟ್ ತಯಾರಿಸುವವರು ಮಿತಿ ಹೇಳುವುದು ಮುಖ್ಯವಾಗಿ ದೋಣಿಯ ತೂಕದಲ್ಲಿ. ರೇಮರೀನ್ ಕಂಪನಿಯ ಎಸ್‌ಟಿ1000 ಪ್ಲಸ್‌ಗೆ 3,000 ಕೆಜಿ ಮಿತಿ, ಎಸ್‌ಟಿ2000 ಪ್ಲಸ್‌ಗೆ 4,500 ಕೆಜಿ, ಇವಿ-100 ಟಿಲ್ಲರ್ ಸೆಟ್ಟಿಗೆ 6,000 ಕೆಜಿ. ಅದೂ ಸಾಮಾನು ತುಂಬಿದ ಮೇಲಿನ ತೂಕ. ಕಾಗದದಲ್ಲಿರುವ ತೂಕಕ್ಕೆ ನೂರಕ್ಕೆ 20 ಸೇರಿಸಿ ನೋಡಿ ಅಂತ ಹೇಳುತ್ತಾರೆ. ನಮ್ಮ ಕಾಗದದಲ್ಲಿ 4,300 ಕೆಜಿ ಇತ್ತು. 20 ಸೇರಿಸಿದರೆ 5,160. ಹಾಗಾದರೆ 6,000ದ್ದು ಸಾಕು ಅಂತ ನನಗೆ ಅನ್ನಿಸಿತು.

ಅಡಿಕೆ ಬೆಳೆಯುವವರಿಗೆ ಕಾಗದದ ತೂಕದ ಮೇಲೆ ನಂಬಿಕೆ ಕಡಿಮೆ. ಹಸಿ ಅಡಿಕೆಯ ತೂಕವೇ ಬೇರೆ, ಒಣಗಿಸಿ ಮಂಡಿಗೆ ಒಯ್ದಾಗಿನ ತೂಕವೇ ಬೇರೆ. ದೋಣಿಯದು ಇದರ ತಿರುಗುಮುರುಗು. ಕಾರ್ಖಾನೆಯಿಂದ ಬರುವಾಗ ಹಗುರ, ಆಮೇಲೆ ವರ್ಷ ವರ್ಷ ಏರುತ್ತದೆ. ಮೇ ಕೊನೆಗೆ ಮಳೆಗಾಲಕ್ಕೆಂದು ದೋಣಿಯನ್ನು ಕ್ರೇನಿನಲ್ಲಿ ಎತ್ತಿ ಲಾರಿಯ ಮೇಲೆ ಇಟ್ಟು ಶೆಡ್ಡಿಗೆ ಒಯ್ಯುವಾಗ, ದಾರಿಯಲ್ಲಿ ಜಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿದೆವು. ಖಾಲಿ ಲಾರಿಯನ್ನು ಬೆಳಗ್ಗೆಯೇ ತೂಗಿಸಿ ಇಟ್ಟುಕೊಂಡಿದ್ದೆವು. ಎರಡು ಚೀಟಿ ಕಳೆದರೆ ಬಂದದ್ದು 5,480 ಕೆಜಿ. ಭಾವ ಚೀಟಿಯನ್ನು ಎರಡು ಸಲ ಓದಿ ಕಿಸೆಗೆ ಇಟ್ಟುಕೊಂಡರು. ಆಗ ದೋಣಿಯಲ್ಲಿ ನೀರಿಲ್ಲ, ಡೀಸೆಲ್ ಇಲ್ಲ, ಲಂಗರಿನ ಸರಪಳಿಯನ್ನೂ ಇಳಿಸಿದ್ದೆವು. 200 ಲೀಟರ್ ನೀರು, 80 ಲೀಟರ್ ಡೀಸೆಲ್, ಸರಪಳಿ, ಸಣ್ಣ ರಬ್ಬರ್ ದೋಣಿ, ಹತ್ಯಾರು, ಅಕ್ಕಿ ಬೇಳೆ, ನಾವಿಬ್ಬರು ಎಲ್ಲ ಸೇರಿದರೆ ಸುಮಾರು 6,200. 6,000ದ ಸೆಟ್ಟು ತರಿಸಿದ್ದರೆ ಮೊದಲ ದಿನವೇ ಮಿತಿ ಮೀರಿರುತ್ತಿತ್ತು.

ದಯವಿಟ್ಟು ನಿಮ್ಮ ದೋಣಿಯನ್ನು ಒಮ್ಮೆ ನಿಜವಾಗಿ ತೂಗಿಸಿ. ವೇಬ್ರಿಡ್ಜ್‌ಗೆ ನಮಗೆ ಆದ ಖರ್ಚು 200 ರೂಪಾಯಿ. ಇಡೀ ಕೆಲಸದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಏಪ್ರಿಲ್‌ನಲ್ಲಿ ಇನ್ನೊಂದು ಅಳತೆಯನ್ನೂ ಮಾಡಿಕೊಂಡಿದ್ದೆವು. ಅಡಿಕೆ ಚೀಲ ತೂಗುವ ನೇತು ಹಾಕುವ ಸ್ಕೇಲನ್ನು ಮನೆಯಿಂದ ಒಯ್ದು, ಅದರ ಕೊಕ್ಕೆಯನ್ನು ಟಿಲ್ಲರ್ ತುದಿಗೆ ಹಗ್ಗದಿಂದ ಕಟ್ಟಿ, ಕೈಯ ಬದಲು ಸ್ಕೇಲಿನಿಂದ ಎಳೆದು ಹಿಡಿದೆವು. 16 ನಾಟ್ (ಗಂಟೆಗೆ ಸುಮಾರು 30 ಕಿಲೋಮೀಟರ್) ಗಾಳಿ, ಪೂರ್ತಿ ಹಾಯಿ. ಸ್ಕೇಲು 18 ಕೆಜಿ ತೋರಿಸಿತು. ಹಾಯಿಯನ್ನು ಒಂದು ಮಡಿಕೆ ಇಳಿಸಿ ಕಟ್ಟಿದೆವು. ಅದೇ ಗಾಳಿ, ಅದೇ ದಿಕ್ಕು. 9 ಕೆಜಿಗೆ ಇಳಿಯಿತು. ವೇಗ ಮಾತ್ರ ಅರ್ಧ ನಾಟ್ ಕೂಡ ಕಮ್ಮಿ ಆಗಲಿಲ್ಲ. ಮಾರ್ಚ್‌ನಲ್ಲಿ ಆ ಒಂದು ಮಡಿಕೆ ಇಳಿಸಿದ್ದರೆ ಭಾವನ ಭುಜ ಉಳಿಯುತ್ತಿತ್ತೋ ಏನೋ ಎಂದು ಈಗಲೂ ಬೇಜಾರಾಗುತ್ತದೆ.

ಆ 18 ಕೆಜಿ ಕೈಗೆ ಬರುವ ಭಾರ. ಯಂತ್ರಕ್ಕೆ ಬರುವುದು ಇನ್ನೂ ಜಾಸ್ತಿ. ಹಾರೆಯಲ್ಲಿ ಕಲ್ಲು ಮೀಟಿದವರಿಗೆ ಇದು ಗೊತ್ತು. ನಾವು ಟಿಲ್ಲರನ್ನು ಹಿಡಿಯುವುದು ಚುಕ್ಕಾಣಿಯ ದಂಡದಿಂದ 1.2 ಮೀಟರ್ ದೂರದಲ್ಲಿ. ರೇಮರೀನ್‌ನ ಟಿಲ್ಲರ್ ಪೈಲಟ್ ಸಿಕ್ಕಿಸುವ ಜಾಗ ದಂಡದಿಂದ 46 ಸೆಂಟಿಮೀಟರ್. ಅಲ್ಲಿಗೆ ಅದೇ 18 ಕೆಜಿ 47 ಕೆಜಿ ಆಗುತ್ತದೆ. ಎಸ್‌ಟಿ2000 ಪ್ಲಸ್ ಗರಿಷ್ಠ 77 ಕೆಜಿ ತಳ್ಳುತ್ತದೆ. ಲೆಕ್ಕದಲ್ಲಿ ಸಾಕು ಅನ್ನಿಸಬಹುದು. ಆದರೆ ಗರಿಷ್ಠ ಬಲ ಅಂದರೆ ಒಂದು ಕ್ಷಣ ತಳ್ಳುವ ಬಲ. ರಾತ್ರಿಯಿಡೀ 47 ಕೆಜಿ ಎಳೆಯುತ್ತಿದ್ದರೆ ಅದರ ಹಲ್ಲುಚಕ್ರ ಎಷ್ಟು ದಿನ ಬಾಳೀತು?

ಜೂನ್ ಬಂತು, ಮಳೆ ಹಿಡಿಯಿತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ನಮ್ಮಂಥವರಂತೂ ಸಮುದ್ರದ ಕಡೆ ತಲೆ ಹಾಕುವಂತಿಲ್ಲ. ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಕೆಲಸದ ನಡುವೆ ಸಿಕ್ಕ ಸಂಜೆಗಳಲ್ಲಿ ಜಗಲಿಯಲ್ಲಿ ಕೂತು ಯಾವುದನ್ನು ತರಿಸುವುದು ಎಂದು ಚರ್ಚೆ ಮಾಡಿದೆವು.

ಭಾವನ ಮನಸ್ಸು ಮೊದಲು ವಿಂಡ್‌ವೇನ್ ಮೇಲಿತ್ತು. ದೋಣಿಯ ಹಿಂದೆ ನೆಟ್ಟ ಹಲಗೆಯೊಂದು ಗಾಳಿಗೆ ವಾಲುತ್ತದೆ. ಅದು ನೀರಿನಲ್ಲಿರುವ ಪಟ್ಟಿಯನ್ನು ತಿರುಗಿಸುತ್ತದೆ. ಓಡುವ ನೀರು ಆ ಪಟ್ಟಿಯನ್ನು ಬದಿಗೆ ದೂಡಿದಾಗ ಹಗ್ಗದ ಮೂಲಕ ಟಿಲ್ಲರ್ ಎಳೆದುಕೊಳ್ಳುತ್ತದೆ. ಕರೆಂಟ್ ಬೇಡವೇ ಬೇಡ. ಗಾಳಿ ಜೋರಾದಷ್ಟೂ ಅದರ ಬಲ ಜಾಸ್ತಿ. 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ಸ್ಪರ್ಧೆಯಲ್ಲಿ ಬ್ಲಾಂಡಿ ಹ್ಯಾಸ್ಲರ್ ತಮ್ಮ ಪುಟ್ಟ ‘ಜೆಸ್ಟರ್’ ದೋಣಿಯಲ್ಲಿ ಎರಡನೆಯವರಾಗಿ ಬಂದದ್ದು ಇಂಥ ಸಾಧನದಿಂದಲೇ. ನಮ್ಮ ಅಭಿಲಾಷ್ ಟೋಮಿ ಒಬ್ಬರೇ ಭೂಮಿ ಸುತ್ತುವ 2022ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಎರಡನೇ ಸ್ಥಾನ ಪಡೆದರಲ್ಲ, ಆ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಆಟೋಪೈಲಟ್ ಬಳಸುವಂತೆಯೇ ಇಲ್ಲ. ಎಲ್ಲರದ್ದೂ ವಿಂಡ್‌ವೇನ್.

ಆದರೆ ನಾವು ಹೋಗುವುದು ಮಹಾಸಾಗರಕ್ಕಲ್ಲ, ಹೊನ್ನಾವರ, ಕಾರವಾರ, ಗೋವಾ, ಮಲ್ಪೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಸಮುದ್ರದಿಂದ ಗಾಳಿ, ರಾತ್ರಿ ನೆಲದಿಂದ ಗಾಳಿ. ಎರಡರ ನಡುವೆ ಎರಡು ಮೂರು ಗಂಟೆ ಗಾಳಿಯೇ ಇಲ್ಲ. ಆಗ ಎಂಜಿನ್ ಹಾಕಲೇಬೇಕು. ಎಂಜಿನ್ನಿನಲ್ಲಿ ಹೋಗುವಾಗ ವಿಂಡ್‌ವೇನ್ ಕೆಲಸಕ್ಕೆ ಬರುವುದಿಲ್ಲ, ದೋಣಿಯೇ ಹುಟ್ಟಿಸುವ ಗಾಳಿ ಯಾವಾಗಲೂ ಮುಂದಿನಿಂದ ಬರುತ್ತದೆ. ನೆಲದ ಗಾಳಿ ದಿಕ್ಕು ಬದಲಿಸಿದರೆ ದೋಣಿಯೂ ಅದರ ಜೊತೆ ತಿರುಗುತ್ತದೆ. ದಡ ಹತ್ತಿರ ಇರುವಲ್ಲಿ ಅದು ಅಪಾಯ. ದೂರ ಹೋಗುವವರು ವಿಂಡ್‌ವೇನನ್ನೇ ಮೊದಲು ನೋಡಿ ಅಂತ ನಾನೂ ಹೇಳುತ್ತೇನೆ. ನಮ್ಮ ಓಡಾಟಕ್ಕೆ ಅದು ಸರಿಹೊಂದಲಿಲ್ಲ.

ಉಳಿದದ್ದು ಡೆಕ್ಕಿನ ಕೆಳಗೆ ಕೂರಿಸುವ ಲೀನಿಯರ್ ಡ್ರೈವ್. ಮೋಟರ್ ಇರುವ ಗಟ್ಟಿ ಕೋಲು ನೇರವಾಗಿ ಚುಕ್ಕಾಣಿಯ ದಂಡವನ್ನೇ ತಿರುಗಿಸುತ್ತದೆ. ಮಳೆ, ಅಲೆ, ಬಿಸಿಲು ತಾಗುವುದಿಲ್ಲ. ರೇಮರೀನ್‌ನ ಟೈಪ್ 1 ಡ್ರೈವಿಗೆ 11,000 ಕೆಜಿ ಮಿತಿ, ಗರಿಷ್ಠ ಬಲ 295 ಕೆಜಿ. ದಂಡದಿಂದ 25 ಸೆಂಟಿಮೀಟರ್‌ನಲ್ಲಿ ಜೋಡಿಸಿದರೆ ನಮ್ಮ 18 ಕೆಜಿ ಅಲ್ಲಿ 86 ಆಗುತ್ತದೆ. ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಯಂತ್ರ ದಣಿಯದೆ ಕೆಲಸ ಮಾಡುತ್ತದೆ. ಬೆಲೆ ನೋಡಿ ನನಗೆ ಎದೆ ಧಸಕ್ಕೆಂದಿತು. ಎರಡು ವಾರ ತೀರ್ಮಾನ ಮಾಡಲಿಲ್ಲ.

ಆ ಎರಡು ವಾರದಲ್ಲೇ ತಪ್ಪು ನಡೆದದ್ದು. ಗೋವಾದಲ್ಲಿ ಒಬ್ಬರ ಬಳಿ ಅಂಥದ್ದೇ ಹಳೆಯ ಡ್ರೈವ್ ಇದೆ, 70,000ಕ್ಕೆ ಕೊಡುತ್ತಾರೆ ಎಂದು ಗೊತ್ತಾಯಿತು. ಮಳೆಯಲ್ಲೇ ಹೋಗಿ ತಂದೆ. ಮನೆಗೆ ಬಂದು ಜಗಲಿಯ ಮೇಲೆ ಗೋಣಿ ಹಾಸಿ, ಕಾರಿನ ಬ್ಯಾಟರಿಗೆ ಜೋಡಿಸಿದೆ. ಕೋಲು ಓಡಿತು, ಆದರೆ ಆಮೆಯ ಹಾಗೆ. ಒಂದು ತುದಿಯಿಂದ ಇನ್ನೊಂದು ತುದಿಗೆ 25 ಸೆಕೆಂಡ್. ಅದರ ಅರ್ಧದಷ್ಟು ಸಾಕಿತ್ತು. ಕ್ಲಚ್ ಹಾಕಿದರೂ ಕೈಯಿಂದ ತಳ್ಳಿದರೆ ಜಾರುತ್ತಿತ್ತು. ಭಾವ ಕೂತು ನೋಡಿದರು. ಒಳಗೆ ಹೋಗಿ ಇನ್ನೊಂದು ಬ್ಯಾಟರಿ ತಂದು ಸಾಲಿನಲ್ಲಿ ಜೋಡಿಸಿದರು. 24 ವೋಲ್ಟ್ ಕೊಟ್ಟ ಕೂಡಲೇ ಕೋಲು ಸರ್ರನೆ ಓಡಿತು, ಕ್ಲಚ್ ಕಚ್ಚಿ ಹಿಡಿಯಿತು. ಅದು 24 ವೋಲ್ಟಿನ ಡ್ರೈವ್. ಲೇಬಲ್ಲಿನ ಅಕ್ಷರ ಅಳಿಸಿತ್ತು. ಮಾರಿದವರು 12 ಅಂತ ಹೇಳಿದ್ದರು, ನಾನು ನಂಬಿದ್ದೆ. ನಮ್ಮ ದೋಣಿಯದು 12.

ಶಿವಮೊಗ್ಗದಲ್ಲಿ ಲಾರಿ, ಕಾರುಗಳ ಸ್ಟಾರ್ಟರ್‌ಗೆ ಆರ್ಮೇಚರ್ ವೈಂಡಿಂಗ್ ಮಾಡುವವರೊಬ್ಬರ ಬಳಿ ಒಯ್ದೆ. ಲಾರಿಯದು 24, ಕಾರಿನದು 12, ಎರಡೂ ಅವರಿಗೆ ದಿನಾ ಮಾಡುವ ಕೆಲಸ. ಬಿಚ್ಚಿ, ಬೆಳಕಿಗೆ ಹಿಡಿದು, ಉಗುರಿನಿಂದ ತಂತಿಯ ಸುತ್ತು ಎಣಿಸಿದರು. “ಸುತ್ತು ಅರ್ಧ ಮಾಡಿ ತಂತಿ ದಪ್ಪ ಹಾಕಿದ್ರೆ 12ರಲ್ಲಿ ಓಡುತ್ತೆ ಸಾರ್. ಆದ್ರೆ ಆಂಪ್ಸ್ ಡಬಲ್ ಆಗುತ್ತೆ. ಈ ಬ್ರಷ್ಷು ಅಷ್ಟು ತಡೆಯಲ್ಲ. ಮನೆ ಪಂಪಿಗಾದ್ರೆ ಮಾಡಿಕೊಡ್ತಿದ್ದೆ, ಸಮುದ್ರಕ್ಕೆ ಬೇಡ” ಅಂದರು. ನೋಡಿದ್ದಕ್ಕೆ ದುಡ್ಡನ್ನೂ ತಗೊಳ್ಳಲಿಲ್ಲ. ಅವರ ಆ ಮಾತಿಗೆ ನಾನು ಇವತ್ತಿಗೂ ಋಣಿ. ಮಾರಿದವರ ಜೊತೆ ತುಂಬಾ ಮಾತಾಡಿದ ಮೇಲೆ 50,000 ವಾಪಸ್ ಬಂತು. 20,000 ಹೋಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿ ಜೊತೆಗೇ ಒಯ್ಯಿರಿ. ಮಾರುವವರ ಎದುರೇ ಓಡಿಸಿ, ಸೆಕೆಂಡ್ ಎಣಿಸಿ, ಕ್ಲಚ್ ಹಾಕಿ ತಳ್ಳಿ ನೋಡಿ.

ಕೊನೆಗೆ ಜುಲೈನಲ್ಲಿ ಹೊಸದನ್ನೇ ತರಿಸಲು ತೀರ್ಮಾನ ಮಾಡಿದೆವು. ಇವಿ-200 ಸೆಟ್ಟು ಮತ್ತು ಟೈಪ್ 1 ಡ್ರೈವ್. ಈ ಸೆಟ್ಟಿನಲ್ಲಿ ಮೋಟರ್ ನಡೆಸುವ ಪೆಟ್ಟಿಗೆ ಬೇರೆ, ದಿಕ್ಕು ತಿಳಿಯುವ ಸೆನ್ಸರ್ ಬೇರೆ, ಗುಂಡಿ ಒತ್ತುವ ಫಲಕ ಬೇರೆ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಸೆನ್ಸರಿನಲ್ಲಿ ದಿಕ್ಸೂಚಿಯ ಜೊತೆ ದೋಣಿ ಹೊರಳುವುದನ್ನು ಅಳೆಯುವ ಗೈರೋ ಕೂಡ ಇದೆ. ಹಾಗಾಗಿ ಅಲೆಗೆ ದೋಣಿ ಹೊಯ್ದಾಡಿದಾಗ ದಿಕ್ಕು ತಪ್ಪಿತು ಎಂದು ಸುಮ್ನೆ ಗಾಬರಿಯಾಗುವುದಿಲ್ಲ. ಬಿ ಆ್ಯಂಡ್ ಜಿ, ಗಾರ್ಮಿನ್ ಕಂಪನಿಗಳಲ್ಲೂ ಇಂಥ ಸೆಟ್ಟುಗಳಿವೆ. ನಮ್ಮ ದೋಣಿಯ ಹಳೆಯ ಉಪಕರಣಗಳಿಗೆ ಇದು ಹೊಂದುತ್ತಿತ್ತು, ಅಷ್ಟೇ ಕಾರಣ.

ನಾನು ಹೊರದೇಶದ ಅಂಗಡಿಯಿಂದ ನೇರವಾಗಿ ತರಿಸಿದೆ, ಜೊತೆಗೆ ವೈರ್‌ಲೆಸ್ ರಿಮೋಟ್ ಒಂದನ್ನು ಸೇರಿಸಿದೆ. ಆಗಸ್ಟ್ ಮೊದಲ ವಾರ ಪೆಟ್ಟಿಗೆ ಭಾರತ ಮುಟ್ಟಿತು. ಕೊರಿಯರ್‌ನವರು ಆಧಾರ್, ಪ್ಯಾನ್, ಇನ್‌ವಾಯ್ಸ್, ದುಡ್ಡು ಕಟ್ಟಿದ ಬ್ಯಾಂಕ್ ದಾಖಲೆ, ಕ್ಯಾಟಲಾಗಿನ ಪುಟಗಳು, ಯಾವುದಕ್ಕೆ ಬಳಸುತ್ತೀರಿ ಎಂಬ ಪತ್ರ ಎಲ್ಲ ಕೇಳಿದರು. ಕೊಟ್ಟೆ. ಐದು ದಿನ ಬಿಟ್ಟು ಇನ್ನೊಂದು ಪ್ರಶ್ನೆ ಬಂತು: ರಿಮೋಟ್ ರೇಡಿಯೊ ಉಪಕರಣ, ಅದಕ್ಕೆ ಡಬ್ಲ್ಯುಪಿಸಿಯ (ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ) ಇಟಿಎ, ಅಂದರೆ ಉಪಕರಣಕ್ಕೆ ಒಪ್ಪಿಗೆ ಕೊಡುವ ಪ್ರಮಾಣಪತ್ರ ಎಲ್ಲಿ? ನನಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ರಿಮೋಟಿನಿಂದಾಗಿ ಇಡೀ ಪೆಟ್ಟಿಗೆ ನಿಂತಿತು. ದಿನದ ಲೆಕ್ಕದಲ್ಲಿ ಗೋದಾಮು ಬಾಡಿಗೆ ಏರುತ್ತಿತ್ತು. ಫೋನಿನಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅದರಲ್ಲಿ ಇದ್ದದ್ದು ಭಾವನ ಉಳಿತಾಯದ ದುಡ್ಡು ಕೂಡ. ಕಡೆಗೆ ರಿಮೋಟ್ ನಮಗೆ ಬೇಡ ಎಂದು ಬರೆದುಕೊಟ್ಟು ಉಳಿದದ್ದನ್ನು ಬಿಡಿಸಿಕೊಂಡೆವು. ಒಟ್ಟು 19 ದಿನ.

ಹೊರಗಿನಿಂದ ತರಿಸುವವರು ವೈರ್‌ಲೆಸ್ ಇರುವ ಏನನ್ನೂ ಅದೇ ಪೆಟ್ಟಿಗೆಯಲ್ಲಿ ಸೇರಿಸಬೇಡಿ. ಸ್ಯಾಟಲೈಟ್ ಫೋನಂತೂ ಅನುಮತಿ ಇಲ್ಲದೆ ತರಿಸಲೇಬೇಡಿ, ಅದು ಕಾನೂನಿನ ದೊಡ್ಡ ತಲೆನೋವು. ನನ್ನ ಅಭಿಪ್ರಾಯ ಕೇಳಿದರೆ ಇಲ್ಲಿನ ಡೀಲರ್ ಮೂಲಕವೇ ತರಿಸಿ. ಬೆಲೆ ಜಾಸ್ತಿ ಕಾಣುತ್ತದೆ, ಆದರೆ ಈ ಓಡಾಟ ಅವರ ತಲೆ ಮೇಲೆ ಇರುತ್ತದೆ.

ಇನ್ನು ಡ್ರೈವಿನ ಕೋಲನ್ನು ಜೋಡಿಸಲು ಚುಕ್ಕಾಣಿಯ ದಂಡಕ್ಕೆ ಹಿಡಿಯುವ ಲೋಹದ ತೋಳು. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ದೋಣಿಯ ಅಳತೆಗೆ ಮಾಡಿಸಬೇಕು. ಶಿವಮೊಗ್ಗ, ಭದ್ರಾವತಿ ಕಡೆ ಲೇತ್ ಕೆಲಸ, ಎರಕದ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಮಾಚೇನಹಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ಕೊಟ್ಟೆವು. ನಾವು ಡ್ರಾಯಿಂಗ್ ಒಯ್ದಿದ್ದೆವು, ಅವರು “ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿ ದೋಣಿಗೆ ಹಿಡಿದು ನೋಡ್ಕೊಂಡು ಬನ್ನಿ” ಅಂತ ವಾಪಸ್ ಕಳಿಸಿದರು. ಒಳ್ಳೆಯದೇ ಆಯಿತು. ಹೊನ್ನಾವರಕ್ಕೆ ಹೋಗಿ ಹಿಡಿದು ನೋಡಿದರೆ ತೋಳು ಎಡಕ್ಕೆ ಪೂರ್ತಿ ತಿರುಗಿದಾಗ ನೀರಿನ ಪೈಪಿಗೆ ತಾಗುತ್ತಿತ್ತು. ಮೂರು ಸೆಂಟಿಮೀಟರ್ ಮೇಲಕ್ಕೆ ಸರಿಸಿ ಹೊಸ ಅಚ್ಚು ಮಾಡಿದೆವು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ, ಎರಡು ಹೋಳು ಸೇರಿ ದಂಡವನ್ನು ಅಪ್ಪಿ ಹಿಡಿಯುವಂತೆ, ಜಾರದ ಹಾಗೆ ನಡುವೆ ಲೋಹದ ಬೆಣೆ (ಕೀ) ಹಾಕಿ ಮಾಡಿಕೊಟ್ಟರು. ಸ್ಟೀಲಿಗೆ ಅಯಸ್ಕಾಂತ ಹಿಡಿದು ನೋಡಿ ಸುಮ್ಮನಾಗಬೇಡಿ. 304 ಕೂಡ 316ರ ಹಾಗೆಯೇ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಉಪ್ಪು ನೀರಿಗೆ ಬೇಗ ಸೋಲುತ್ತದೆ. ಮೆಟೀರಿಯಲ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ.

ಅದೇ ಹೊತ್ತಿಗೆ ಗೊತ್ತಾದ ಇನ್ನೊಂದು ವಿಷಯ: ನಮ್ಮ ಚುಕ್ಕಾಣಿಗೆ ತಡೆಗಳೇ ಇರಲಿಲ್ಲ. ಚುಕ್ಕಾಣಿ ಒಂದು ಮಿತಿಗಿಂತ ಹೆಚ್ಚು ತಿರುಗದಂತೆ ದೋಣಿಯಲ್ಲೇ ಗಟ್ಟಿ ತಡೆ ಇರಬೇಕು. ಇಲ್ಲದಿದ್ದರೆ ಹಿಂದಿನಿಂದ ಅಲೆ ಹೊಡೆದಾಗ ಪೂರ್ತಿ ಪೆಟ್ಟು ಡ್ರೈವಿನ ಕೋಲಿನ ಮೇಲೆ ಬಿದ್ದು ಅದು ಮುರಿಯುತ್ತದೆ. ಕೋಲು ತನ್ನ ಕೊನೆ ಮುಟ್ಟುವ ಮೊದಲೇ ತೋಳು ತಡೆಗೆ ತಾಗುವಂತೆ ಎರಡು ಕಡೆ ತಡೆ ಕೂರಿಸಿದೆವು. ಡ್ರೈವನ್ನು ಹಿಡಿಯುವ ಗೋಡೆಗೂ ಮರೈನ್ ಪ್ಲೈವುಡ್ ಮತ್ತು ಫೈಬರ್ ಗ್ಲಾಸ್ ಹಾಕಿ ದಪ್ಪ ಮಾಡಿದೆವು. ಮಳೆಗಾಲದ ತೇವದಲ್ಲಿ ಎಪಾಕ್ಸಿ ಸರಿಯಾಗಿ ಒಣಗುವುದಿಲ್ಲ, ಮೇಲೆ ಅಂಟು ಅಂಟು ಪೊರೆ ಬರುತ್ತದೆ. ಅಕ್ಟೋಬರ್ ತನಕ ಕಾಯಲೇಬೇಕಾಯಿತು.

ವೈರಿನ ವಿಷಯ ಸಣ್ಣದು ಅನ್ನಿಸುತ್ತದೆ, ಅಲ್ಲ. ಬ್ಯಾಟರಿಯಿಂದ ಮೋಟರ್ ನಡೆಸುವ ಪೆಟ್ಟಿಗೆಗೆ 6 ಮೀಟರ್, ಹೋಗಿ ಬರಲು 12. ಮನೆ ವೈರಿಂಗಿನ 2.5 ಚದರ ಮಿಲಿಮೀಟರ್ ತಂತಿ ಹಾಕಿದ್ದರೆ 15 ಆಂಪ್ಸ್ ಎಳೆಯುವಾಗ ದಾರಿಯಲ್ಲೇ 1.2 ವೋಲ್ಟ್ ನಷ್ಟ. ಜೋರು ಗಾಳಿಯಲ್ಲಿ, ಬೇಕಾದ ಹೊತ್ತಿಗೇ ಯಂತ್ರ ಕೈ ಕೊಡುತ್ತದೆ. 10 ಚದರ ಮಿಲಿಮೀಟರಿನ, ತವರ ಲೇಪ ಇರುವ ತಂತಿ ಹಾಕಿದೆವು. ನಷ್ಟ 0.3 ವೋಲ್ಟಿಗೆ ಇಳಿಯಿತು. ಬ್ಯಾಟರಿಯನ್ನೂ ಬದಲಿಸಿ 200 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಹಾಕಿದೆವು, ಜೊತೆಗೆ 100 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್.

ಖರ್ಚು ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಸೆಟ್ಟು ಮತ್ತು ಡ್ರೈವ್ 3,10,000. ಕೊರಿಯರ್, ಸುಂಕ, ತೆರಿಗೆ, ಗೋದಾಮು ಬಾಡಿಗೆ ಸೇರಿ 1,48,000. ತೋಳು ಮತ್ತು ತಡೆಗಳಿಗೆ 14,500. ವೈರು, ಫ್ಯೂಸು 9,000. ಬ್ಯಾಟರಿ 58,000, ಸೋಲಾರ್ 9,000. ಹಳೆಯ ಡ್ರೈವಿನಲ್ಲಿ ಹೋದ 20,000. ಒಟ್ಟು 5,68,500. ನಾವು ಎತ್ತಿಟ್ಟಿದ್ದು 4 ಲಕ್ಷ. ಉಳಿದದ್ದಕ್ಕೆ ನಾನು ಬೈಕ್ ಬದಲಿಸುವ ಯೋಚನೆ ಮುಂದಕ್ಕೆ ಹಾಕಿದೆ.

ಅಕ್ಟೋಬರ್ ಕೊನೆಗೆ ದೋಣಿ ನೀರಿಗಿಳಿಯಿತು. ಮೊದಲು ದಿಕ್ಸೂಚಿಯ ಹೊಂದಾಣಿಕೆ. ಸಮುದ್ರ ಶಾಂತವಾಗಿರುವ ಬೆಳಗ್ಗೆ ಎಂಜಿನ್ ಹಾಕಿ ನಿಧಾನಕ್ಕೆ ಸುತ್ತು ಹೊಡೆಯಬೇಕು. ಸುತ್ತಿದ ಮೇಲೆ ಫಲಕ 14 ಡಿಗ್ರಿ ದೋಷ ತೋರಿಸಿತು. ತುಂಬಾ ಜಾಸ್ತಿ. ಸೆನ್ಸರ್ ಹತ್ತಿರ ಕಬ್ಬಿಣ ಇರಬಾರದು ಅಂತ ಹತ್ಯಾರಿನ ಪೆಟ್ಟಿಗೆಯನ್ನು ಮೊದಲೇ ದೂರ ಇಟ್ಟಿದ್ದೆವು. ಇನ್ನೇನಿದೆ ಎಂದು ಮಂಚದ ಕೆಳಗೆ ಎಲ್ಲ ಹೊರಗೆ ತೆಗೆದೆವು. ಸೆನ್ಸರಿಗೆ ಎರಡು ಗೇಣು ದೂರದಲ್ಲಿ, ಪೇಪರಿನಲ್ಲಿ ಸುತ್ತಿ ಎಣ್ಣೆ ಸವರಿದ ಕಬ್ಬಿಣದ ದೋಸೆ ಕಾವಲಿ ಇತ್ತು. ಅಕ್ಕ ಕಳಿಸಿದ್ದು. ಅದನ್ನು ಮುಂದಿನ ಕೋಣೆಗೆ ಸಾಗಿಸಿ ಮತ್ತೆ ಸುತ್ತಿದೆವು. 4 ಡಿಗ್ರಿಗೆ ಬಂತು.

ಹೋದ ವಾರದ ರಾತ್ರಿಗೆ ಬರುತ್ತೇನೆ. ಸಂಜೆ ಭರತದಲ್ಲಿ ಅಳಿವೆ ದಾಟಿದೆವು. ಹೊನ್ನಾವರದ ಅಳಿವೆಯ ಮರಳು ದಿಬ್ಬ ಮೀನುಗಾರಿಕೆ ದೋಣಿಗಳನ್ನೇ ಮಗುಚಿದ ಜಾಗ. ಅಲ್ಲಿ ಆಟೋಪೈಲಟ್ ಹಾಕುವಂತಿಲ್ಲ, ಭಾವನೇ ಟಿಲ್ಲರ್ ಹಿಡಿದಿದ್ದರು. ಹೊರಗೆ ಬಂದು ಒಂದು ಮಡಿಕೆ ಇಳಿಸಿ ಹಾಯಿ ಹೊಂದಿಸಿದ ಮೇಲೆ ಗುಂಡಿ ಒತ್ತಿದೆ. ಕೆಳಗೆ ಕ್ಲಚ್ ‘ಟಕ್’ ಎಂದಿತು. ಭಾವ ಟಿಲ್ಲರ್ ಬಿಡಲಿಲ್ಲ. ಬೆರಳುಗಳನ್ನು ಅದರ ಮೇಲೆ ಹಗುರಾಗಿ ಇಟ್ಟುಕೊಂಡು, ಅದು ತಾನಾಗಿ ಅರ್ಧ ಇಂಚು ಆಚೆ, ಅರ್ಧ ಇಂಚು ಈಚೆ ಹೋಗುವುದನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಕೈ ಬಿಡುವಾಯಿತು ಅಂತ ಕಣ್ಣು ಬಿಡುವಾಗುವುದಿಲ್ಲ. ಸಣ್ಣ ದೋಣಿಗಳು, ಬಲೆಗೆ ಕಟ್ಟಿದ ತೇಲುಬುರುಡೆಗಳು ಯಾವ ಪರದೆಯಲ್ಲೂ ಕಾಣುವುದಿಲ್ಲ. ಕುಮಟಾ ದಾಟುವಾಗ ಎರಡು ಸಲ ಟಾರ್ಚ್ ಬೆಳಕು ಕಂಡು 20 ಡಿಗ್ರಿ ಹೊರಕ್ಕೆ ತಿರುಗಿಸಿದೆ, ಗುಂಡಿ ಎರಡು ಸಲ ಒತ್ತಿದರೆ ಆಯಿತು. ಅಕ್ಕ ಒಂದು ಷರತ್ತು ಹಾಕಿದ್ದಳು: ಒಬ್ಬರೇ ಮೇಲಿರುವಾಗ ಸೊಂಟದ ಪಟ್ಟಿಯ ಕೊಕ್ಕೆ ದೋಣಿಗೆ ಸಿಕ್ಕಿಸಿಯೇ ಇರಬೇಕು. ಅವಳು ಹೇಳುವುದು ಸರಿ. ಕೈಯಲ್ಲಿ ನಡೆಸುವ ದೋಣಿ, ಹಿಡಿದವರು ಬಿದ್ದರೆ ಗಾಳಿಗೆ ತಿರುಗಿ ನಿಲ್ಲಬಹುದು. ಆಟೋಪೈಲಟ್ ಇರುವ ದೋಣಿ ನಿಲ್ಲದೆ ಹೋಗಿಬಿಡುತ್ತದೆ.

ರಾತ್ರಿ ಒಂದರಿಂದ ಮೂರರ ತನಕ ಭಾವ ಕೆಳಗೆ ಮಲಗಿದರು. ನಮ್ಮ ದೋಣಿಯಲ್ಲಿ ರಾತ್ರಿ ಪ್ರಯಾಣದಲ್ಲಿ ಅವರು ನಿದ್ದೆ ಮಾಡಿದ್ದು ಇದೇ ಮೊದಲು. ಎಂಟು ಗಂಟೆಯಲ್ಲಿ ಆಟೋಪೈಲಟ್ ತಿಂದ ಕರೆಂಟು ಸುಮಾರು 22 ಆಂಪಿಯರ್-ಅವರ್. ಗಾಳಿಯನ್ನು ನೋಡಿಕೊಂಡು ನಡೆಸುವ ಮೋಡ್ ಇನ್ನೂ ಹಾಕಿಲ್ಲ, ಅದಕ್ಕೆ ಕಂಬದ ತುದಿಗೆ ಗಾಳಿ ಸೆನ್ಸರ್ ಬೇಕು. ಕೊಯ್ಲು ಮುಗಿದ ಮೇಲೆ ನೋಡಬೇಕು. ತೋಳಿನ ಪ್ಲೈವುಡ್ ಅಚ್ಚು ನಮ್ಮ ಅಟ್ಟದಲ್ಲಿದೆ. ಯಾರದ್ದಾದರೂ ದಂಡ 40 ಮಿಲಿಮೀಟರಿನದು ಇದ್ದರೆ ಬಂದು ಅಳತೆ ತೆಗೆದುಕೊಳ್ಳಬಹುದು.